ಮರಿಬಸಪ್ಪ ಖಾನಾವಳಿಗೆ ಬಡಿಸುವವರು ಬೇಕಾಗಿದ್ದಾರೆ

ಗಾಂಧಿನಗರ, ಬಳ್ಳಾರಿ
೯ ಜೂನ್ ೨೦೨೫

ಸೌಭಾಗ್ಯವತಿ ಶಾಂಭವಿಗೆ,

ಶಿವಬಸಮ್ಮನ ಆಶೀರ್ವಾದ. ಮೊಣಕಾಲು ಎರಡನ್ನು ಬಿಟ್ಟರೆ ಉಳಿದ ನಾನೆಲ್ಲ ಕ್ಷೇಮ.

ಫೋನ್ ಇರುವಾಗ ಇದೇನು ಕಾಗದ ಎಂದು ನಗಬೇಡ. ನನ್ನ ಕಿವಿ ಮೊದಲಿನಂತಿಲ್ಲ. ನಾನು ಫೋನಿನಲ್ಲಿ ಕೂಗಿದರೆ ಊಟಕ್ಕೆ ಕೂತವರೆಲ್ಲ ಕೈ ನಿಲ್ಲಿಸಿ ಕೇಳುತ್ತಾರೆ. ಆ ಕಡೆ ನೀನು ಕೂಗಿದರೆ ನಿಮ್ಮತ್ತೆ ಕೇಳುತ್ತಾರೆ, ಎರಡೇ ಕೋಣೆಯ ಮನೆ ಎಂದು ನೀನೇ ಹೇಳಿದ್ದೆ. ನಿನ್ನ ಗಂಡ ವಿರೂಪಾಕ್ಷಿ ಹೇಗೂ ದಿನಾ ಸಿರುಗುಪ್ಪ ಬಸ್ಸು ತರುವ ಕಂಡಕ್ಟರು. ಅವನ ಕೈಗೆ ಕೊಟ್ಟರೆ ಸಂಜೆಗೆ ನಿನಗೆ ಸಿಗುತ್ತದೆ. ದಾರಿಯಲ್ಲಿ ಅವನು ಓದಬಾರದೆಂದು ಗಂಜಿ ಹಚ್ಚಿ ಅಂಟಿಸಿದ್ದೇನೆ.

ಈ ಮನುಷ್ಯ ಹೋದ ವರ್ಷ ನಮ್ಮಲ್ಲಿ ಮಧ್ಯಾಹ್ನದ ಊಟಕ್ಕೆ ಬಂದಾಗಲೇ ನಾನು ಹುಷಾರಾಗಬೇಕಿತ್ತು. ನೀನು ಅವನಿಗೆ ಅರ್ಧ ರೊಟ್ಟಿ, ಇನ್ನರ್ಧ ರೊಟ್ಟಿ ಎಂದು ಹಾಕಿ ಹಾಕಿ ಕೊನೆಗೆ ಇಡೀ ಮನುಷ್ಯನನ್ನೇ ಕಟ್ಟಿಕೊಂಡು ಹೋದೆ. ಮದುವೆ ವಯಸ್ಸು ಮೀರಿತು ಎಂದವರ ಬಾಯಿಗೆ ಹೋಳಿಗೆ ಹಾಕಿ ಹೋದೆ ಎಂದು ನನಗೆ ಸಂತೋಷವೇ. ಆದರೆ ನನ್ನ ಖಾನಾವಳಿಯ ಗತಿ ಕೇಳು.

ನಿನ್ನ ಜಾಗಕ್ಕೆ ಕೊಳಗಲ್ಲಿನ ಪಕ್ಕೀರಪ್ಪನನ್ನು ಇಟ್ಟುಕೊಂಡೆ. ದೊಡ್ಡ ಹೋಟೆಲಿನಲ್ಲಿ ಪಳಗಿದವನು, ಅಂಗಿ ಇಸ್ತ್ರಿ, ಮಾತು ಇಸ್ತ್ರಿ. ಪ್ರತಿಯೊಬ್ಬರ ಮುಂದೆ ನಿಂತು "ರೊಟ್ಟಿ ಬೇಕ್ರ್ಯಾ, ಸಾಕ್ರ್ಯಾ?" ಎಂದು ಕೇಳುತ್ತಾನೆ. ಕೇಳಿದರೆ ನಮ್ಮ ಜನ ಬೇಕು ಎನ್ನುತ್ತಾರೆಯೆ? ನಮ್ಮ ಕಡೆ ಮೊದಲನೆಯ ಸಾಕು ಯಾವತ್ತಾದರೂ ಸಾಕಾಗಿದೆಯೆ? ಸಿದ್ದಲಿಂಗೇಶ ಮೇಷ್ಟ್ರು ಮರ್ಯಾದೆಗೆ "ಸಾಕಪ್ಪ" ಎಂದರು. ಇವನು ತಲೆಯಾಡಿಸಿ ಮುಂದೆ ಹೋಗಿಬಿಟ್ಟ. ಮೇಷ್ಟ್ರು ಕೈ ತೊಳೆದು ಹೊರಗೆ ಹೋಗಿ ಎದುರಿನ ಬಂಡಿಯಲ್ಲಿ ಮಿರ್ಚಿ ಬಜ್ಜಿ ತಿನ್ನುತ್ತಿದ್ದುದನ್ನು ನಾನೇ ಕಂಡೆ. ನಮ್ಮಲ್ಲಿ ಉಂಡವರು ಹೊರಗೆ ಹೋಗಿ ಮಿರ್ಚಿ ತಿಂದದ್ದು ಇದೇ ಮೊದಲು. ಪಕ್ಕೀರಪ್ಪನಿಗೆ ಕೈ ಮುಗಿದು ಕಳಿಸಿದೆ.

ಅಕ್ಷತಾ ನನ್ನ ಮಗಳಾಗಿ ಮಾತಾಡುವುದಿಲ್ಲ, ಬ್ಯಾಂಕಿನವಳಾಗಿ ಮಾತಾಡುತ್ತಾಳೆ. "ಯವ್ವಾ, ಶ್ರಾವಣ ಮುಗಿಯೋದ್ರಾಗ ಬಡಸೋರು ಸಿಕ್ರ ನಡಸು. ಇಲ್ಲಾಂದ್ರ ಜಾಗ ಮೊಬೈಲ್ ಅಂಗಡಿಯವ್ರಿಗಿ ಬಾಡಿಗಿ ಕೊಡೋಣು. ನಿನ್ನ ಕಾಲಿಗಿ ರೆಸ್ಟ್ ಬೇಕು" ಎಂದಳು. ಕಾಲಿನ ಮಾತು ಸುಳ್ಳಲ್ಲವಾದ್ದರಿಂದ ನಾನೂ ಹೂಂ ಅಂದುಬಿಟ್ಟೆ. ಆದರೆ ನಮ್ಮ ಯಜಮಾನರು ಮರಿಬಸಪ್ಪನವರು ಹಾಕಿದ ಬೋರ್ಡು ಇಳಿಸುವುದನ್ನು ನೆನೆಸಿಕೊಂಡರೆ ನನಗೆ ಅಳು ಬರುತ್ತದೆ. ಯಾರನ್ನಾದರೂ ಹುಡುಕಿ ಕೊಡು ತಂಗಿ.

ನಿನ್ನ,
ಶಿವಬಸಮ್ಮ

*

ಸಿರುಗುಪ್ಪ
೧೨ ಜೂನ್ ೨೦೨೫

ಪೂಜ್ಯ ಅಕ್ಕನವರಿಗೆ,

ಶಾಂಭವಿಯ ನಮಸ್ಕಾರಗಳು. ನಿಮ್ಮ ಗಂಜಿ ಬಲು ಗಟ್ಟಿ. ಬಿಡಿಸುವಾಗ ಮೂಲೆ ಹರಿದು ಆಶೀರ್ವಾದದಲ್ಲಿ ಅರ್ಧ ಹೋಯಿತು. ಇನ್ನರ್ಧ ಮುಂದಿನ ಸಲ ಹಾಕಿ.

ಅಕ್ಕಾ, ಬಡಿಸುವವರಿಗೆ ಕೇಳುವ ಅಭ್ಯಾಸ ಇರಬಾರದು. ಬೇಕೇ ಎಂದರೆ ಬೇಡ ಎನ್ನುತ್ತಾರೆ. "ಅರ್ಧ ಹಾಕ್ತೀನ್ರಿ" ಎಂದರೆ ಯಾರೂ ಒಲ್ಲೆ ಎನ್ನುವುದಿಲ್ಲ. ಅರ್ಧ ತಿಂದವರಿಗೆ ಪಲ್ಲೆ ಉಳಿಯುತ್ತದೆ, ಪಲ್ಲೆಗೆಂದು ಇನ್ನರ್ಧ. ಇದನ್ನು ನನಗೆ ಕಲಿಸಿದವರು ನೀವೇ. ಅವ್ವ ತೀರಿಕೊಂಡ ವರ್ಷ ನಿಮ್ಮ ಬಾಗಿಲಿಗೆ ಬಂದಾಗ ನನಗೆ ಅನ್ನ ಸೇರುತ್ತಿರಲಿಲ್ಲ. ನೀವು ಅರ್ಧ ಅರ್ಧ ಎನ್ನುತ್ತಲೇ ನನ್ನನ್ನು ಬದುಕಿಸಿದಿರಿ. ನಿಮಗೆ ಅದು ನೆನಪಿಲ್ಲ, ನನಗಿದೆ.

ಇಲ್ಲಿನ ಸುದ್ದಿ. ನಮ್ಮತ್ತೆ ಊರಮ್ಮ ಒಳ್ಳೆಯವರು, ಆದರೆ ಅವರಿಗೆ ಕೂತು ಉಣ್ಣುವುದು ಗೊತ್ತಿಲ್ಲ. ಊರಲ್ಲಿ ಯಾರ ಮನೆಯ ಮದುವೆಯಾದರೂ ಬಡಿಸುವ ಬುಟ್ಟಿ ಹಿಡಿದು ಮುಂದೆ ನಿಲ್ಲುವವರು ಅವರೇ. ನಾನು ಬಂದ ದಿನದಿಂದ ನನ್ನನ್ನು ಒಲೆಯ ಹತ್ತಿರ ಬಿಟ್ಟಿಲ್ಲ. "ನೀ ಕುಂದ್ರವ್ವ, ಖಾನಾವಳ್ಯಾಗ ನಿಂತು ನಿಂತು ದಣದೀ" ಎನ್ನುತ್ತಾರೆ. ಬೈದರೆ ಜಗಳ ಮಾಡಬಹುದು. ಹೀಗೆ ಪ್ರೀತಿಯಿಂದ ಕೂಡಿಸಿದರೆ ಏನು ಮಾಡುವುದು? ಈ ಮನೆಯಲ್ಲಿ ಬಡಿಸುವವರು ಇಬ್ಬರು, ಉಣ್ಣುವವನು ಒಬ್ಬ. ಅವರು ಬಲಗಡೆಯಿಂದ ಹಾಕಿದರೆ ನಾನು ಎಡಗಡೆಯಿಂದ ಹಾಕುತ್ತೇನೆ. ಇವರ ಖಾಕಿ ಅಂಗಿಯ ಗುಂಡಿ ಹೋದ ವಾರ ಬಸ್ಸಿನಲ್ಲೇ ಹಾರಿ ಹೋಯಿತಂತೆ.

ರಾರಾವಿಯಲ್ಲಿ ನಮ್ಮ ಸಂಬಂಧದ ಹುಡುಗಿ ಅನುಷಾ ಇದ್ದಾಳೆ, ಕೈ ಚುರುಕು. ಕಳಿಸುತ್ತೇನೆ, ನೋಡಿ.

ನಿಮ್ಮ ತಂಗಿ,
ಶಾಂಭವಿ

*

ಬಳ್ಳಾರಿ
೧ ಜುಲೈ ೨೦೨೫

ಶಾಂಭವಿಗೆ,

ಇದೋ ಉಳಿದರ್ಧ ಆಶೀರ್ವಾದ.

ಅನುಷಾ ಬಂದಳು. ನಮ್ಮ ಪದ್ಧತಿಯಂತೆ ಮೊದಲು ಒಂದು ರೊಟ್ಟಿ ಬಡಿಯಮ್ಮ ಎಂದೆ. ಏನು ಕೈ ಅದು, ರೊಟ್ಟಿ ಚಂದ್ರನಂತೆ ತಿರುಗಿತು, ಅಂಚು ಒಂದೂ ಹರಿಯಲಿಲ್ಲ. ನಾನು ಮರುಳಾಗಿ ನಾಳೆಯಿಂದಲೇ ಬಾ ಎಂದುಬಿಟ್ಟೆ. ಅಷ್ಟರಲ್ಲಿ ನಮ್ಮ ಪಾರಮ್ಮ ಹಂಚು ಕೆಳಗಿಳಿಸಿ, ಕೈ ಝಾಡಿಸಿ, ಹೊರಗೆ ಕಟ್ಟೆಯ ಮೇಲೆ ಕೂತಳು. "ಇಷ್ಟು ವರ್ಷ ನಿಮ್ಮ ರೊಟ್ಟಿ ಬಡಿದಾಕಿ ನಾನು. ಹೊಸಬರ ಕೈ ರೊಟ್ಟಿ ನೋಡೀರಂದ್ರ ನನಗ ಹೋಗು ಅಂದಂಗ ಆತಲ್ರಿ" ಎಂದಳು. ಅವತ್ತು ಮಧ್ಯಾಹ್ನ ಪಾರಮ್ಮನನ್ನು ಒಳಗೆ ಕರೆತರಲು ನಾನು, ಸಿದ್ದಲಿಂಗೇಶ ಮೇಷ್ಟ್ರು, ಹಾಲಿನವನು ಮೂವರೂ ಬೇಕಾದೆವು.

ಪಾರಮ್ಮನ ಸಿಟ್ಟು ಇಳಿದ ಮೇಲೆ ಅನುಷಾಳ ಕೈಗೆ ಬುಟ್ಟಿ ಕೊಟ್ಟೆ. ಆ ಹುಡುಗಿ ಅಡುಗೆಮನೆಯ ಪರದೆಯ ಹಿಂದಿನಿಂದ ಹೊರಗೆ ಬರಲಿಲ್ಲ. ಪರದೆಯ ಸಂದಿನಿಂದ ಕೈ ಮಾತ್ರ ಚಾಚಿ ರೊಟ್ಟಿ ಕೊಟ್ಟಳು. ಜನ ತಾಟು ಹಿಡಿದು ಪರದೆಯ ಹತ್ತಿರ ಎದ್ದು ಹೋಗಬೇಕಾಯಿತು. "ದೇವರ ಗರ್ಭಗುಡಿ ಇದ್ದಂಗ ಐತ್ರಿ, ಪ್ರಸಾದ ಬರ್ತದ, ದೇವರು ಕಾಣಂಗಿಲ್ಲ" ಎಂದರು ಮೇಷ್ಟ್ರು. ಪಾಪ, ಒಳ್ಳೆಯ ಹುಡುಗಿ. ಬಟ್ಟೆ ಹೊಲಿಯುವ ಕೆಲಸ ಕೊಡಿಸಿದ್ದೇನೆ, ಅಲ್ಲಿ ಯಾರ ಮುಖವನ್ನೂ ನೋಡಬೇಕಿಲ್ಲ.

ಒಂದು ಕೇಳುತ್ತೇನೆ. ಅವಳಿಗೆ ಇಷ್ಟು ನಾಚಿಕೆಯೆಂದು ನಿನಗೆ ಮೊದಲೇ ಗೊತ್ತಿರಲಿಲ್ಲವೆ?

ಶಿವಬಸಮ್ಮ

*

ಸಿರುಗುಪ್ಪ
೪ ಜುಲೈ ೨೦೨೫

ಅಕ್ಕನವರಿಗೆ ನಮಸ್ಕಾರಗಳು.

ಬಡಿಸುವವರು ಬೇಕೆಂದು ಕರೆದು ರೊಟ್ಟಿ ಬಡಿಯಲು ಹೇಳಿ ನೋಡಿದಿರಲ್ಲ, ನಕ್ಕು ನಕ್ಕು ಸಾಕಾಯಿತು. ನಮ್ಮ ಜನಕ್ಕೆ ಯಾವ ಹೆಂಗಸನ್ನು ನೋಡಿದರೂ ರೊಟ್ಟಿಯದೇ ಪರೀಕ್ಷೆ. ನನ್ನನ್ನು ನೋಡಲು ಬಂದಾಗ ಅತ್ತೆಯವರೂ ಅದನ್ನೇ ಕೇಳಿದ್ದರು. ನನ್ನ ರೊಟ್ಟಿ ಆಂಧ್ರದ ನಕ್ಷೆಯಂತೆ ಬಂದಿತ್ತು. ಹಾಗಿದ್ದೂ ಒಪ್ಪಿಕೊಂಡರು.

ಜುಲೈ ಆದರೂ ಇಲ್ಲಿ ಸೆಕೆ. ಕಾಲುವೆಗೆ ನೀರು ಬಿಟ್ಟಿದ್ದಾರೆ, ಗದ್ದೆಗಳಲ್ಲಿ ನಾಟಿ ಶುರುವಾಗುತ್ತದೆ. ನಾನು ಬಾಗಿಲಲ್ಲಿ ಕೂತು ನೋಡುತ್ತೇನೆ. ಮಧ್ಯಾಹ್ನ ಒಂದು ಗಂಟೆಯಾದರೆ ನನ್ನ ಕೈ ತಾನಾಗಿಯೇ ಬುಟ್ಟಿ ಹುಡುಕುತ್ತದೆ. ಮೇಷ್ಟ್ರು ಬಂದರೋ, ಅವರಿಗೆ ಪುಂಡಿಪಲ್ಲೆ ಉಳಿದಿದೆಯೋ ಎಂದು ಯೋಚನೆ ಬರುತ್ತದೆ. ನನ್ನ ಜಾಗದಲ್ಲಿ ಬೇರೆಯವರು ನಿಂತರು ಎಂದು ಓದಿದಾಗ ಹೊಟ್ಟೆಕಿಚ್ಚಾದದ್ದು ನಿಜ. ಹಾಗೆಂದು ಬೋರ್ಡು ಇಳಿಯಲಿ ಎಂದು ನಾನು ಯಾವತ್ತೂ ಬಯಸುವವಳಲ್ಲ.

ಬೇರೆ ಯಾರನ್ನಾದರೂ ನೋಡಿ. ಈ ಸಲ ನಾಚಿಕೆ ಇಲ್ಲದವರನ್ನು ನೋಡಿ.

ಶಾಂಭವಿ

*

ಬಳ್ಳಾರಿ
೨೮ ಜುಲೈ ೨೦೨೫

ಶಾಂಭವಿಗೆ,

ನಿನ್ನ ಮಾತು ಕೇಳಿ ಕೆಟ್ಟೆ. ನಾಚಿಕೆ ಇಲ್ಲದವರನ್ನು ನೋಡು ಎಂದೆಯಲ್ಲ, ಕುರುಗೋಡಿನಿಂದ ಕೆಂಚಣ್ಣ ಬಂದ. ಬಯಲಾಟದಲ್ಲಿ ಭೀಮನ ಪಾತ್ರ ಕಟ್ಟುವವನು, ಮೀಸೆಯೇ ಒಂದು ಮೊಳ. ಶ್ರಾವಣ ಹಿಡಿದಿದೆ, ಮಾಂಸ ಬಿಟ್ಟವರೆಲ್ಲ ನಮ್ಮಲ್ಲಿಗೇ ಬರುತ್ತಾರೆ, ಬಾಗಿಲ ತನಕ ಜನ. ಬರಲಿ ಎಂದು ಬುಟ್ಟಿ ಕೊಟ್ಟೆ.

ಮೊದಲ ದಿನ ಚೆನ್ನಾಗಿಯೇ ಹೋಯಿತು. ಯಾರೂ ಸಾಕು ಎನ್ನಲಿಲ್ಲ, ಅವನ ಮೀಸೆಗೆ ಹೆದರಿ. ಎರಡನೆಯ ದಿನ ಯಾರೋ "ಒಂದು ಮಾತು ಹೇಳ್ರಿ ಭೀಮಣ್ಣ" ಎಂದು ಕೆಣಕಿದರು. ಅವನು ಬುಟ್ಟಿಯನ್ನು ಗದೆಯಂತೆ ಹೆಗಲಿಗೇರಿಸಿ ಶುರು ಮಾಡಿದ. ಉಂಡವರು ಎದ್ದು ಹೋಗಲಿಲ್ಲ, ಕಾದು ನಿಂತವರಿಗೆ ಜಾಗ ಸಿಗಲಿಲ್ಲ. ಎಲ್ಲರ ಕೈ ತಾಟಿನಲ್ಲೇ ಒಣಗಿತು. ಬೀದಿಯ ಜನವೂ ಒಳಗೆ ಬಂದು ನಿಂತರು. ದುಶ್ಶಾಸನ ಸಾಯುವ ತನಕ ಯಾರಿಗೂ ಮಜ್ಜಿಗೆ ಸಿಗಲಿಲ್ಲ. ಚಪ್ಪಾಳೆ ಬಹಳ ಬಿತ್ತು, ರೊಟ್ಟಿ ಹಾಗೇ ಉಳಿಯಿತು. ಅವನೇ ಸಂಜೆ ಬಂದು "ಅಮ್ಮಾರ, ಇಲ್ಲಿ ಜನ ಉಣ್ಣಾಕ ಬರ್ತಾರ, ನನ್ನ ನೋಡಾಕಲ್ಲ. ನನಗ ಸರಿಹೋಗಂಗಿಲ್ಲ" ಎಂದು ಕೈ ಮುಗಿದು ಹೋದ.

ಈಗ ನಾನೇ ಬಡಿಸುತ್ತಿದ್ದೇನೆ. ರಾತ್ರಿ ಮೊಣಕಾಲಿಗೆ ಎಣ್ಣೆ ತಿಕ್ಕುವಾಗ ಪಾರಮ್ಮ ಹೇಳಿದಳು: "ಒಲ್ಲದ ಗಂಡಗ ಮೊಸರಾಗ ಕಲ್ಲು. ನೀವು ಆಳು ಹುಡುಕಾಕತ್ತಿಲ್ರಿ, ಶಾಂಭವಿನ್ನ ಹುಡುಕಾಕತ್ತೀರಿ. ಆಕಿ ಎಲ್ಲಿ ಸಿಗಬೇಕು?"

ನಿನ್ನೆ ಅಕ್ಷತಾ ಮೊಬೈಲ್ ಅಂಗಡಿಯವನನ್ನು ಕರೆತಂದಿದ್ದಳು. ಟೇಪು ಹಿಡಿದು ಗೋಡೆ ಅಳೆದು ಹೋದ.

ಶಿವಬಸಮ್ಮ

*

ಸಿರುಗುಪ್ಪ
೫ ಆಗಸ್ಟ್ ೨೦೨೫

ಅಕ್ಕನವರಿಗೆ,

ಓದಿ ಸಂಕಟವಾಯಿತು. ಇಲ್ಲಿ ಯಾರೂ ಸಿಕ್ಕಿಲ್ಲ, ಕೇಳುತ್ತಲೇ ಇದ್ದೇನೆ.

ನಾಡಿದ್ದು ನಮ್ಮತ್ತೆ ಕಣ್ಣು ತೋರಿಸಲು ಬಳ್ಳಾರಿಗೆ ಬರುತ್ತಾರೆ, ಇವರ ಬಸ್ಸಿನಲ್ಲೇ. ಮಧ್ಯಾಹ್ನ ನಿಮ್ಮಲ್ಲಿ ಊಟಕ್ಕೆ ಬರಲು ಹೇಳಿದ್ದೇನೆ. ನಿಮಗೆ ಕೈ ಮುಗಿಯುತ್ತೇನೆ, ಅವರನ್ನು ಕೂಡಿಸಿ ಊಟ ಹಾಕಿ. ಬೇರೆಯವರು ಬಡಿಸಿ ತಾವು ಉಣ್ಣುವ ಸುಖ ಅವರಿಗೂ ಒಮ್ಮೆ ಗೊತ್ತಾಗಲಿ. ರುಚಿ ಹತ್ತಿದರೆ ಮನೆಯಲ್ಲಿ ನನಗೂ ಸೌಟು ಸಿಗಬಹುದು.

ಶಾಂಭವಿ

*

ಬಳ್ಳಾರಿ
೮ ಆಗಸ್ಟ್ ೨೦೨೫

ಶಾಂಭವಿ,

ನೀನು ಹೇಳಿದಂತೆ ನಿಮ್ಮತ್ತೆಯನ್ನು ಗೋಡೆಯ ಪಕ್ಕ ಕೂಡಿಸಿ ತಾಟು ಇಟ್ಟೆ. ಒಂದು ರೊಟ್ಟಿ ಉಂಡರು. ಎರಡನೆಯದು ಹಾಕುವಷ್ಟರಲ್ಲಿ ಅವರ ಕಣ್ಣು ತಾಟಿನಲ್ಲಿರಲಿಲ್ಲ. ಎದುರಿನ ಸಾಲಿನಲ್ಲಿ ಒಬ್ಬ ಕೋರ್ಟಿನ ಗುಮಾಸ್ತ, ಖಾಲಿ ತಾಟು ಇಟ್ಟುಕೊಂಡು ಕೂತಿದ್ದ. ನಾನು ಆ ತುದಿಯಲ್ಲಿದ್ದೆ, ಮೊಣಕಾಲು ಎಳೆಯುತ್ತ. ನಿಮ್ಮತ್ತೆ ನಡುವೆಯೇ ಎದ್ದು ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈಯಿಂದ ಬುಟ್ಟಿ ಕಸಿದುಕೊಂಡರು. "ನೀವು ಕುಂದರ್ರಿ ಯಕ್ಕಾ, ನೋಡಾಕ ಆಗವಲ್ದು ನನಗ."

ನಿನ್ನ ಅರ್ಧದ ಉಪಾಯ ಅವರಲ್ಲಿ ಇಲ್ಲ. ಅವರು ಗುಮಾಸ್ತನ ಮುಂದೆ ನಿಂತು "ಯಾವೂರಪ್ಪ? ಅವ್ವ ಅದಾಳೇನು? ಆಕಿ ಉಂಡಾಳೇನು ಈಗ?" ಎಂದು ಕೇಳಿದರು. ಅವನು "ಗೊತ್ತಿಲ್ರಿ" ಎಂದ. "ಹಂಗಾರ ಇದು ನಿಮ್ಮವ್ವನ ಪಾಲಿಂದು. ನೀ ಉಂಡ್ರ ಆಕಿಗಿ ಮುಟ್ತೈತಿ" ಎಂದು ಹಾಕಿಯೇಬಿಟ್ಟರು. ಅವನು ಉಂಡ. ಆಮೇಲೆ ಕೈ ತೊಳೆದು ಹೊರಗೆ ಹೋಗಿ ಅವ್ವನಿಗೆ ಫೋನ್ ಹಚ್ಚಿದ. ಸಿದ್ದಲಿಂಗೇಶ ಮೇಷ್ಟ್ರು ಅರವತ್ತೆಂಟು ದಾಟಿದವರು, ಅವರ ತಾಯಿ ಹೋಗಿ ಎಷ್ಟೋ ಕಾಲವಾಯಿತು. ಅವರೂ ಅವ್ವನ ಪಾಲಿನದನ್ನು ಉಂಡು ಕಣ್ಣೊರೆಸಿಕೊಂಡರು. ಖಾರ ಜಾಸ್ತಿ ಎಂದರು. ಚಟ್ನಿಯನ್ನು ಅವರಿಗೆ ಇನ್ನೂ ಹಾಕಿರಲಿಲ್ಲ.

ಹುಡುಕುವ ಬಳ್ಳಿ ಕಾಲಿಗೆ ತೊಡರಿತು ತಂಗಿ. ಇವತ್ತೂ ಬಂದಿದ್ದರು. ಕಣ್ಣಿನ ಡಾಕ್ಟರು ಇವತ್ತೂ ಕರೆದಿದ್ದಾರೆಯೆ ಎಂದು ಕೇಳಿದೆ. "ಕಣ್ಣು ಚಲೋ ಅದಾವ. ನಾ ಬುಟ್ಟಿಗಿ ಬಂದೀನಿ" ಎಂದರು. ಅವರನ್ನೇ ಇಟ್ಟುಕೊಳ್ಳಲು ನನಗೆ ಆಸೆ. ನೀನು ಏನನ್ನುತ್ತೀ?

ಶಿವಬಸಮ್ಮ

*

ಸಿರುಗುಪ್ಪ
೯ ಆಗಸ್ಟ್ ೨೦೨೫

ಅಕ್ಕನವರಿಗೆ,

ಬೇಡ ಅಕ್ಕಾ. ದಯವಿಟ್ಟು ಅವರನ್ನು ಕಳಿಸಿಬಿಡಿ.

ಮನೆಯಲ್ಲಿ ಎರಡು ದಿನದಿಂದ ಜಗಳ. ಇವರು ಅವ್ವನ ಮುಂದೆ ನಿಂತು "ನೀ ಖಾನಾವಳ್ಯಾಗ ಬಡಸಾಕ ಹೋದ್ರ ಊರಾಗ ಏನಂತಾರ? ಹೊಸ ಸೊಸಿ ಬಂದು ಶ್ರಾವಣ ಕಳದಿಲ್ಲ, ಅತ್ತಿನ್ನ ದುಡಿಯಾಕ ಹಚ್ಚಿದ್ಲು ಅಂತಾರ" ಎಂದರು. ಅತ್ತೆ "ಅಂದವರ ಮನಿಗಿ ನಾ ಉಣ್ಣಾಕ ಹೋಗಂಗಿಲ್ಲ" ಎಂದರು. ಆದರೆ ಇವರು ಹೇಳಿದ್ದು ಸುಳ್ಳಲ್ಲ. ಇವತ್ತೇ ನೀರಿನ ನಲ್ಲಿಯ ಹತ್ತಿರ ಇಬ್ಬರು ನನ್ನನ್ನು ನೋಡಿ ಮಾತು ನಿಲ್ಲಿಸಿದರು.

ನನಗೆ ಈ ಮನೆ ಬೇಕು ಅಕ್ಕಾ. ತಡವಾಗಿ ಸಿಕ್ಕ ಮನೆ. ಅತ್ತೆಯನ್ನು ಹೊರಗೆ ಕಳಿಸಿದವಳು ಎನ್ನಿಸಿಕೊಂಡು ಈ ಒಲೆಯ ಮುಂದೆ ಕೂತರೆ ಆ ಅಡುಗೆ ನನಗೆ ರುಚಿಸುವುದಿಲ್ಲ. ನಿಮ್ಮ ಬೋರ್ಡು ಇಳಿಯುತ್ತದೆ ಎಂದು ಗೊತ್ತಿದ್ದೂ ಇದನ್ನು ಬರೆಯುತ್ತಿದ್ದೇನೆ. ಕ್ಷಮಿಸಿ.

ಶಾಂಭವಿ

*

ಬಳ್ಳಾರಿ
೧೩ ಆಗಸ್ಟ್ ೨೦೨೫

ಶಾಂಭವಿಗೆ,

ನಿನ್ನ ಕಾಗದ ಓದಿದ ಕೂಡಲೆ ಊರಮ್ಮನನ್ನು ಕೂಡಿಸಿ ಹೇಳಿದೆ: ನನ್ನ ಖಾನಾವಳಿ ಹೋದರೆ ಹೋಗಲಿ, ನನ್ನ ಶಾಂಭವಿಗೆ ಮಾತು ಬರಬಾರದು, ನಾಳೆಯಿಂದ ಬರಬೇಡಿ. ಅವರು ಬುಟ್ಟಿ ಒರೆಸಿ ಬೋರಲಿಟ್ಟರು. ಸಂಜೆಯ ಬಸ್ಸಿಗೆ ಹೋದರು. ನಾನು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಮರುದಿನ ಎಂದಿನ ಹೊತ್ತಿಗೆ ಊರಮ್ಮ ಬಾಗಿಲಲ್ಲಿ. ಹಿಂದೆ ವಿರೂಪಾಕ್ಷಿ, ಟಿಕೆಟ್ ಯಂತ್ರ ಕುತ್ತಿಗೆಯಲ್ಲಿ ಜೋತುಬಿದ್ದಂತೆಯೇ. ಬೆಳಗ್ಗೆ ಬಸ್ಸಿನಲ್ಲಿ ನಡೆದದ್ದನ್ನು ಅವನೇ ಹೇಳಿದ, ನಿನಗೆ ಹೇಳಲು ನಾಚಿಕೆಯಂತೆ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ನಿಮ್ಮತ್ತೆ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತು ಆಧಾರ್ ಕಾರ್ಡು ಚಾಚಿದರಂತೆ. "ಕಂಡಕ್ಟರ್ರ, ಬಳ್ಳಾರಿಗಿ ಒಂದು ಟಿಕೆಟ್ ಕೊಡ್ರಿ." ಇವನು "ಯವ್ವಾ, ಇಳಿ" ಎಂದ. "ಸರಕಾರ ಹೆಂಗಸರಿಗಿ ಬಸ್ಸು ಪುಕ್ಕಟ ಮಾಡೇತಿ. ನಾ ಯಾವಾಗ ಹತ್ತಬೇಕು, ಸತ್ತ ಮ್ಯಾಲೇನು?" ಎಂದರು. ಆಮೇಲೆ ಎದ್ದು ನಿಂತು, ತುಂಬಿದ ಬಸ್ಸಿಗೆಲ್ಲ ಕೇಳುವಂತೆ, "ಎಲ್ಲಾರೂ ಕೇಳ್ರಿ. ಸೊಸಿ ನನ್ನ ಕಳಸಾಕತ್ತಿಲ್ಲ, ಬ್ಯಾಡ ಬ್ಯಾಡ ಅಂತ ಅಳಾಕತ್ತಾಳ. ಆಕಿ ಮಾಡತಿದ್ದ ನೌಕರಿ ನನಗ ಬಂದೈತಿ. ಅತ್ತಿ ಆಸ್ತಿ ಸೊಸಿಗಿ ಬಂದಿದ್ದು ಕೇಳೀರಿ. ಸೊಸಿ ಆಸ್ತಿ ಅತ್ತಿಗಿ ಬಂದಿದ್ದು ಎಲ್ಲೆರ ಕೇಳೀರೇನು?" ಎಂದರಂತೆ. ಬಸ್ಸೆಲ್ಲ ನಕ್ಕಿತು. ಹಿಂದಿನ ಸೀಟಿನ ಒಬ್ಬ ಮುದುಕಿ "ಕೊಡಪ್ಪ ಟಿಕೆಟ್ಟು, ಹೊತ್ತಾಗ್ತೈತಿ" ಎಂದು ಗದರಿದಳು. ವಿರೂಪಾಕ್ಷಿ ಹೆತ್ತ ತಾಯಿಗೆ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟ.

ಇನ್ನು ಊರೆಲ್ಲ ಈ ಮಾತನ್ನೇ ಆಡುತ್ತದೆ, ನಲ್ಲಿಯ ಹತ್ತಿರದವರೂ. ಅವರು ಬೆಳಗ್ಗೆ ಮಗನ ಬಸ್ಸಿಗೆ ಬಂದು ಸಂಜೆ ಮಗನ ಬಸ್ಸಿಗೇ ಮನೆಗೆ ಬರುತ್ತಾರೆ. ರಾತ್ರಿಯ ಊಟ ನಾನು ನಿಲ್ಲಿಸಿದ್ದೇನೆ, ಮಧ್ಯಾಹ್ನ ಒಂದೇ ಸಾಕು. ಮನೆ ಬಿಟ್ಟವರು ಯಾರೂ ಇಲ್ಲ. ಈಗಲಾದರೂ ಒಪ್ಪಿಕೋ.

ಶಿವಬಸಮ್ಮ

*

ಸಿರುಗುಪ್ಪ
೨೦ ಆಗಸ್ಟ್ ೨೦೨೫

ಅಕ್ಕನವರಿಗೆ,

ಒಪ್ಪಿದೆ. ನಲ್ಲಿಯ ಹತ್ತಿರ ಇವತ್ತು ಒಬ್ಬಳು ತನ್ನ ಅತ್ತೆಗೂ ಅಲ್ಲಿ ಕೆಲಸ ಇದೆಯೇ ಎಂದು ಕೇಳಿದಳು.

ನಿನ್ನೆ ಸಂಜೆ ಅತ್ತೆ ಬಂದವರೇ ಕಾಲು ಚಾಚಿ ಕೂತರು. ಒಲೆಯ ಕಡೆ ನೋಡಿದರು, ಎಲ್ಲ ಆಗಿತ್ತು. ಏಳಲು ಹೊರಟವರು ಏಳಲಿಲ್ಲ. "ಹಾಕವ್ವ" ಎಂದರು. ನಾನು ತಾಟು ಇಟ್ಟು ಬಡಿಸಿದೆ. ಸಾಕು ಎಂದರು. ಅರ್ಧ ಹಾಕುತ್ತೇನೆ ಎಂದೆ. ನನ್ನ ಮುಖ ನೋಡಿ ನಕ್ಕು, "ಓಹೋ, ಇದೇನು ನಿನ್ನ ವಿದ್ಯಾ" ಎಂದು ತಾಟು ಮುಂದೆ ಸರಿಸಿದರು. ಮದುವೆಯಾಗಿ ಬಂದ ಮೇಲೆ ಇದು ನನ್ನ ಮನೆ ಎಂದು ನನಗೆ ಅನ್ನಿಸಿದ್ದು ಆಗಲೇ.

ಅಕ್ಷತಾ ಏನನ್ನುತ್ತಾಳೆ? ಶ್ರಾವಣ ಮುಗಿಯುತ್ತಾ ಬಂತು, ಮೊಬೈಲ್ ಅಂಗಡಿಯವನ ಸುದ್ದಿಯನ್ನು ನೀವು ಬರೆಯಲೇ ಇಲ್ಲ.

ಶಾಂಭವಿ

*

ಬಳ್ಳಾರಿ
೨೫ ಆಗಸ್ಟ್ ೨೦೨೫

ಸೊಸಿ ಶಾಂಭವಿಗಿ ಊರಮ್ಮ ಬರಸೋದು.

ಬರಿಯಾಕತ್ತಾಕಿ ಅಕ್ಷತಾ. ಬ್ಯಾಂಕಿನ್ಯಾಗ ಊಟಕ್ಕ ಬಿಟ್ಟಾರಂತ, ದಿನಾ ಇಲ್ಲೇ ಬರ್ತಾಳ ಈಗ. ಮೊನ್ನಿ ಆ ಮೊಬೈಲ್ ಅಂಗಡಿ ಹುಡುಗನ್ನ ಕರ್ಕೊಂಡು ಬಂದಿದ್ಲು. ಇಬ್ರನ್ನೂ ಕುಂದರಿಸಿ ಹಾಕಿದೆ. ಇದು ನಿಮ್ಮವ್ವನ ಪಾಲಿಂದು ಅಂದೆ. ಆಕಿ ಅವ್ವ ಅಲ್ಲೇ ರೊಕ್ಕದ ಗಲ್ಲೇದ ಮುಂದ ಕುಂತಿದ್ದಳು. ಅಕ್ಷತಾ ತಲಿ ಎತ್ತಲಾರದ ಉಂಡ್ಲು. ಇದನ್ನ ಬರಿಯಂಗಿಲ್ಲ ಅಂತ ಜಗಳ ತಗದಾಳ, ಬರಿಯವ್ವ ಅಂದೀನಿ. ಆ ಹುಡುಗ ಟೇಪು ಇಲ್ಲೇ ಮರತು ಹೋದ. ಮರುದಿನ ಟೇಪಿಗಿ ಅಂತ ಬಂದು ಉಂಡು ಹೋದ. ಟೇಪು ಇನ್ನೂ ಇಲ್ಲೇ ಐತಿ, ಅವನೂ ದಿನಾ ಬರ್ತಾನ. ಶ್ರಾವಣ ಮುಗೀತು. ಬೋರ್ಡು ಒರಿಸಿ ಹೊಸಾ ಬಣ್ಣ ಹಚ್ಚಸ್ಯಾರ.

ರಾತ್ರಿ ಒಂದ ಮನ್ಯಾಗ ಮಲಗೋರಿಗಿ ಕಾಗದ ಯಾಕ ಅಂತೀ. ನೀವಿಬ್ರು ಇಷ್ಟು ದಿನ ಬರಕೊಂಡೀರಿ, ನನ್ನದೂ ಒಂದು ಇರಲಿ. ಮಾರಿ ನೋಡಿ ಹೇಳಾಕ ನನಗ ಬರಂಗಿಲ್ಲ.

ನೀ ಬಂದಾಗಿಂದ ನಿನ್ನ ಒಲಿ ಹತ್ರ ಬಿಡಲಿಲ್ಲ. ನಿನಗ ದಣಿವಾಗಬಾರದು ಅಂತ ಅಂದೆ. ಅದು ಅರ್ಧ ಖರೆ. ಒಲಿ ನಿನಗ ಕೊಟ್ರ ನಾ ಯಾತಕ್ಕ ಬೇಕು ಅಂತ ಅಂಜಿಕಿ ಇತ್ತು. ಈಗ ಇಲ್ಲ. ಒಲಿ ನಿಂದು, ಸೌಟು ನಿಂದು, ಉಪ್ಪಿನ ಗಡಗಿ ಸೈತ ನಿಂದು. ಐತಾರ ಒಂದಿನ ನನಗ ಬಿಡು.

ಇಲ್ಲಿ ಎಲ್ಲಾರೂ ದಿನಾ ಕೇಳ್ತಾರ, ಶಾಂಭವಿ ಹೆಂಗದಾಳ, ಶಾಂಭವಿ ಉಂಡ್ಲೇನು ಅಂತ. ಮೇಷ್ಟ್ರು ಕೇಳ್ತಾರ, ಪಾರಮ್ಮ ಕೇಳ್ತಾಳ. ಶಿವಬಸಕ್ಕ ಕೇಳಂಗಿಲ್ಲ, ನಾ ಹೇಳಾತನ ಬುಟ್ಟಿ ಕೈಯಾಗ ಕೊಡಂಗಿಲ್ಲ. ಉಂಡಾಳ ಅಂತ ನಾ ಅಂತೀನಿ. ಖರೆ ಅಂದ್ರ ನನಗ ಗೊತ್ತಿಲ್ಲ. ನೀ ಎಲ್ಲಾರಿಗಿ ಹಾಕಿ ನೀ ಏನು ಉಣತೀ ಅಂತ ನಾ ಇಲ್ಲಿತನ ನೋಡೇ ಇಲ್ಲ.

ಈ ಅರಿವ್ಯಾಗ ಒಂದು ರೊಟ್ಟಿ ಕಟ್ಟೀನಿ. ಪಾರಮ್ಮನ ಕೈದು, ಶೇಂಗಾ ಚಟ್ನಿ ಹಚ್ಚೈತಿ. ಮನಿ ಮುಟ್ಟೋದ್ರಾಗ ಆರಿರ್ತೈತಿ, ಇರಲಿ. ನಾ ಕಾಲು ತೊಳಕೊಳ್ಳಾಕ ಹಿತ್ತಲಕ ಹೋದಾಗ ಬಿಚ್ಚು. ಸಾಕು ಅನಬ್ಯಾಡ, ಅರ್ಧ ಅನಬ್ಯಾಡ. ಪೂರ್ತಿ ಉಣ್ಣು. ಇದು ನಿಮ್ಮವ್ವನ ಪಾಲಿಂದು.

ನಿಮ್ಮತ್ತಿ,
ಊರಮ್ಮ